ಓದುಗರ ಪ್ರಶ್ನೆ, ನಮ್ಮ ಉತ್ತರ: ಬೋರ್‌ವೆಲ್ ನೀರಿಗೆ ಡಿಟರ್ಜೆಂಟ್ ಶೀಟ್ ಒಗ್ಗುತ್ತದೆಯೇ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ಕೋಲಾರದ ಹೊರವಲಯದ ಬಡಾವಣೆಯಲ್ಲಿದೆ. ಐದು ಜನರ ಸಂಸಾರ, ಬೋರ್‌ವೆಲ್ ನೀರು, ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್. ಬೆಂಗಳೂರಿನಲ್ಲಿರುವ ಮಗಳು ಡಿಟರ್ಜೆಂಟ್ ಶೀಟ್‌ಗಳ, ಅಂದರೆ ನೀರಿನಲ್ಲಿ ಕರಗುವ ತೆಳು ಹಾಳೆಯ ರೂಪದ ಡಿಟರ್ಜೆಂಟಿನ, ಪೊಟ್ಟಣವೊಂದನ್ನು ಕಳುಹಿಸಿದ್ದಾಳೆ. ಅವಳ ಮನೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದಂತೆ. ನಮ್ಮಲ್ಲಿ ಮಾತ್ರ ನೊರೆಯೇ ಏಳುವುದಿಲ್ಲ, ಅಂಗಿಗಳ ಕಾಲರಿನ ಕೊಳೆ ಹಾಗೆಯೇ ಉಳಿಯುತ್ತದೆ. ಶೀಟೇ ಕಳಪೆಯೋ, ನಾವು ಬಳಸುವ ಕ್ರಮ ಸರಿಯಿಲ್ಲವೋ? ಪುಡಿಯನ್ನು ಬಿಟ್ಟು ಇದನ್ನೇ ನೆಚ್ಚಿಕೊಳ್ಳಬಹುದೇ?
– ಗೃಹಿಣಿಯೊಬ್ಬರು, ಕೋಲಾರ

ಉತ್ತರ: ಶೀಟನ್ನು ದೂರುವ ಮೊದಲು ನಿಮ್ಮ ನೀರನ್ನು ಪರೀಕ್ಷಿಸಿ ನೋಡಿ. ಆಳದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುತ್ತವೆ. ಗಡಸು ನೀರು ಎನ್ನುವುದು ಇದನ್ನೇ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಸ್ವೀಕಾರಾರ್ಹ, ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಸಹಿಸಬಹುದು. ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಪಟ್ಟೆ ಕಟ್ಟುತ್ತಿದ್ದರೆ, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ ಕೂರುತ್ತಿದ್ದರೆ ನಿಮ್ಮ ನೀರು ಗಡಸಾಗಿದೆ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ.

ಡಿಟರ್ಜೆಂಟಿನಲ್ಲಿ ಕೊಳೆಯನ್ನು ಎತ್ತುವ ಅಂಶವನ್ನು ಈ ಲವಣಗಳು ಹಿಡಿದಿಟ್ಟುಕೊಳ್ಳುತ್ತವೆ, ಉಳಿದಷ್ಟು ಮಾತ್ರ ಬಟ್ಟೆಗೆ ಸಿಗುತ್ತದೆ. ಒಳ್ಳೆಯ ಪುಡಿಗಳಲ್ಲಿ ಗಡಸುತನವನ್ನು ತಗ್ಗಿಸಲೆಂದೇ ವಾಷಿಂಗ್ ಸೋಡಾ, ಜಿಯೋಲೈಟ್‌ನಂತಹ ವಸ್ತುಗಳನ್ನು ಬೆರೆಸಿರುತ್ತಾರೆ. ಒಂದು ಸಲದ ಒಗೆತಕ್ಕೆ ಐವತ್ತು ಅರವತ್ತು ಗ್ರಾಂ ಪುಡಿ ಹಾಕುವಾಗ ಅವುಗಳಿಗೂ ಜಾಗ ಸಿಗುತ್ತದೆ. ಶೀಟಿನ ತೂಕ ಕೆಲವೇ ಗ್ರಾಂ. ಹಪ್ಪಳದಷ್ಟು ತೆಳ್ಳಗಿನ ಆ ಹಾಳೆಯಲ್ಲಿ ಹಿಡಿಸುವುದು ಕೊಳೆ ತೆಗೆಯುವ ಅಂಶ, ಅದನ್ನು ಹಾಳೆಯ ರೂಪದಲ್ಲಿ ನಿಲ್ಲಿಸುವ ಪಾಲಿವಿನೈಲ್ ಆಲ್ಕೊಹಾಲ್ ಎಂಬ ನೀರಿನಲ್ಲಿ ಕರಗುವ ಪಾಲಿಮರ್, ಒಂದಿಷ್ಟು ಸುಗಂಧ, ಅಷ್ಟೇ. ಪುಡಿಯ ತೂಕದಲ್ಲಿ ಕೇವಲ ತುಂಬುವ ಲವಣವೂ ಸಾಕಷ್ಟು ಇರುವುದರಿಂದ ತೂಕಕ್ಕೆ ತೂಕ ಹೋಲಿಸುವುದು ನ್ಯಾಯವಲ್ಲವಾದರೂ, ಗಡಸು ನೀರನ್ನು ಎದುರಿಸುವ ಮೀಸಲು ಬಲ ಶೀಟಿಗೆ ಕಡಿಮೆ ಎಂಬುದು ನಿಜ. ಮಗಳ ಮನೆಗೆ ಕಾವೇರಿ ನೀರು ಬರುತ್ತಿದ್ದರೆ, ಅದೇ ಶೀಟು ಅಲ್ಲಿ ಗೆದ್ದು ಇಲ್ಲಿ ಸೋತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸಂದೇಹವಿದ್ದರೆ ಎರಡು ಖಾಲಿ ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು, ಎರಡನ್ನೂ ಅರ್ಧರ್ಧ ತುಂಬಿ, ಉಗುರಿನಷ್ಟು ದೊಡ್ಡ ಶೀಟಿನ ತುಂಡನ್ನು ಎರಡಕ್ಕೂ ಹಾಕಿ, ಕರಗಿದ ಮೇಲೆ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಘಟಕದ ನೀರಿನಲ್ಲಿ ನೊರೆ ಬಾಟಲಿಯ ಕತ್ತಿನವರೆಗೆ ಏರಿ ನಿಂತು, ಬೋರ್‌ವೆಲ್ ನೀರಿನಲ್ಲಿ ನಾಲ್ಕು ಗುಳ್ಳೆ ಎದ್ದು ಒಡೆದು ಮೇಲೆ ಮಬ್ಬು ಉಳಿದರೆ, ದೋಷ ಶೀಟಿನದಲ್ಲ.

ಇನ್ನು ನಿಮ್ಮ ಸೆಮಿ ಆಟೋಮ್ಯಾಟಿಕ್ ಮಷಿನ್ನಿನ ವಿಚಾರಕ್ಕೆ ಬರೋಣ. ಇದನ್ನು ಪೊಟ್ಟಣದ ಮೇಲೆ ಯಾರೂ ಬರೆಯುವುದಿಲ್ಲ. ನೀರಿನ ಅಭಾವದ ನಮ್ಮ ಜಿಲ್ಲೆಗಳಲ್ಲಿ ತೊಟ್ಟಿಯ ಸೋಪಿನ ನೀರನ್ನು ಒಂದೇ ಸಲಕ್ಕೆ ಚೆಲ್ಲುವವರು ಅಪರೂಪ; ಮೊದಲು ಬಿಳಿಯ ಬಟ್ಟೆ, ನಂತರ ಬಣ್ಣದ್ದು, ಕೊನೆಗೆ ಕಾಲೊರೆಸುವ ಬಟ್ಟೆ ಎಂದು ಅದೇ ನೀರಿನಲ್ಲಿ ಮೂರು ಸರದಿ ಸಾಗುತ್ತದೆ. ‘ಒಂದು ಒಗೆತಕ್ಕೆ ಒಂದು ಶೀಟ್’ ಎಂಬ ಲೆಕ್ಕವು ನೀರನ್ನು ಒಮ್ಮೆ ಬಳಸಿ ಹೊರಹಾಕುವ ಮಷಿನ್ನಿಗೆ ಮಾಡಿದ್ದು. ನಿಮ್ಮಲ್ಲಿ ಎರಡನೆಯ ಸರದಿಗೆ ಅರ್ಧ ಶೀಟನ್ನಾದರೂ ಮತ್ತೆ ಸೇರಿಸಬೇಕು. ಶೀಟನ್ನು ನೇರವಾಗಿ ತೊಟ್ಟಿಗೆ ಹಾಕುವ ಬದಲು, ಚೂರು ಮಾಡಿ ಒಂದು ಚೊಂಬು ಉಗುರುಬೆಚ್ಚಗಿನ ನೀರಿಗೆ ಹಾಕಿ ಕೈಯಾಡಿಸಿ. ಮೊದಲು ಮೆತ್ತಗಾಗಿ ಬೆರಳಿಗೆ ಲೋಳೆಯಂತೆ ಅಂಟುತ್ತದೆ, ಬಳಿಕ ನೀರು ಹಾಲುಬಣ್ಣಕ್ಕೆ ತಿರುಗುತ್ತದೆ. ಆಗ ತೊಟ್ಟಿಗೆ ಸುರಿಯಿರಿ.

ನೀರು ಬಹಳ ಗಡಸಾಗಿದ್ದರೆ ತೊಟ್ಟಿ ತುಂಬಿದ ಕೂಡಲೇ ಎರಡು ಚಮಚ ವಾಷಿಂಗ್ ಸೋಡಾ ಕರಗಿಸಿ, ಐದು ನಿಮಿಷ ಬಿಟ್ಟು, ಆಮೇಲೆ ಡಿಟರ್ಜೆಂಟ್ ಸೇರಿಸುವುದು ಹಳೆಯ ಉಪಾಯ. ಸೋಡಾ ಕ್ಯಾಲ್ಸಿಯಂ ಅನ್ನು ಸುಣ್ಣದ ಪುಡಿಯಾಗಿ ಬೇರ್ಪಡಿಸುತ್ತದೆ. ಆ ಪುಡಿ ಬಟ್ಟೆಗೂ ತೊಟ್ಟಿಗೂ ಅಂಟುವ ಸಾಧ್ಯತೆ ಇರುವುದರಿಂದ ಕೈತುಂಬ ಸುರಿಯಬಾರದು. ಆಗಾಗ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿದ ನೀರಿನಲ್ಲಿ ಮಷಿನ್ನನ್ನು ಖಾಲಿಯಾಗಿ ಓಡಿಸಬೇಕು. ರೇಷ್ಮೆ, ಉಣ್ಣೆಗಳ ಹತ್ತಿರ ಸೋಡಾ ಸುಳಿಯಬಾರದು.

ಕಾಲರಿನ ಕೊಳೆ ಮೈಯ ಎಣ್ಣೆಯ ಅಂಶದ್ದು. ಶೀಟಿನ ಮೂಲೆಯೊಂದನ್ನು ಒದ್ದೆ ಮಾಡಿ ಕಾಲರಿಗೆ ಉಜ್ಜಿ ಹದಿನೈದು ನಿಮಿಷ ಬಿಟ್ಟರೆ ಅದು ಸಡಿಲವಾಗುತ್ತದೆ. ಬಾರ್ ಸೋಪೂ ಇದೇ ಕೆಲಸವನ್ನು ಇನ್ನೂ ಅಗ್ಗವಾಗಿ ಮಾಡುತ್ತದೆ. ಬಿಳಿ ಸಮವಸ್ತ್ರ ಹಳದಿಯಾಗಿದೆ ಎಂದು ಕ್ಲೋರಿನ್ ಬ್ಲೀಚಿಗೆ ಕೈಹಾಕುವ ಮುನ್ನ ಯೋಚಿಸಿ: ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬ್ಲೀಚ್ ಅದನ್ನು ತುಕ್ಕಾಗಿಸಿ ಬಟ್ಟೆಯನ್ನು ಇನ್ನಷ್ಟು ಕೆಡಿಸುತ್ತದೆ. ಅರಿಶಿನದ ಕಲೆ ಸೋಪು ತಗುಲಿದೊಡನೆ ಕುಂಕುಮದ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಒಗೆದು ಬಿಸಿಲಿಗೆ ಹಾಕಿದರೆ ಕ್ರಮೇಣ ಮಾಸುತ್ತದೆ.

ಪುಡಿಯನ್ನು ಪೂರ್ತಿ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಬೇಡಿ. ದಿನವೂ ಉಟ್ಟು ಬಿಚ್ಚುವ, ಬೆವರಷ್ಟೇ ತಗುಲಿದ ಬಟ್ಟೆಗಳಿಗೆ, ಪ್ರವಾಸಕ್ಕೆ, ಹಾಸ್ಟೆಲಿನ ಮಕ್ಕಳಿಗೆ ಶೀಟು ಅನುಕೂಲ. ಕೆಮ್ಮಣ್ಣು ಮೆತ್ತಿದ ಪ್ಯಾಂಟು, ಟೊಮೆಟೊ ತೋಟದಿಂದ ಹಸಿರುಗಪ್ಪು ಅಂಟು ಹತ್ತಿಸಿಕೊಂಡು ಬಂದ ಅಂಗಿ ಇವುಗಳಿಗೆ ಪುಡಿ ಮತ್ತು ಬ್ರಷ್ಷೇ ಸರಿ. ಕೆಮ್ಮಣ್ಣನ್ನು ಒಣಗಿದ ಮೇಲೆ ಕೊಡವಿ, ಆಮೇಲೆ ನೆನೆಸಿ. ಹಸಿಯಾಗಿರುವಾಗ ಉಜ್ಜಿದರೆ ನೂಲಿನೊಳಗೆ ಇಳಿಯುತ್ತದೆ. ಖರ್ಚನ್ನು ಹೋಲಿಸುವಾಗ ಪೊಟ್ಟಣದ ಬೆಲೆ ನೋಡದೆ ಒಂದು ಒಗೆತದ ಬೆಲೆ ನೋಡಿ. ಸಲಕ್ಕೆ 60 ಗ್ರಾಂ ಹಾಕಿದರೆ ಒಂದು ಕಿಲೋ ಪುಡಿ ಸುಮಾರು 16 ಒಗೆತಕ್ಕೆ ಬರುತ್ತದೆ. ಅದರ ಬೆಲೆಯನ್ನು 16ರಿಂದಲೂ ಶೀಟಿನ ಪೊಟ್ಟಣದ ಬೆಲೆಯನ್ನು ನಿಮಗೆ ನಿಜವಾಗಿ ಬೇಕಾಗುವ ಶೀಟುಗಳ ಲೆಕ್ಕದಿಂದಲೂ ಭಾಗಿಸಿ.

ಪ್ರಶ್ನೆ: ನಮ್ಮವರು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡುತ್ತಾರೆ. ಅವರ ಬಟ್ಟೆಗೆ ಹಿಡಿದ ಹುಳುವಿನ ವಾಸನೆ ಶೀಟಿನಿಂದ ಹೋಗುತ್ತದೆಯೇ? ಅದೇ ಶೀಟಿನಲ್ಲಿ ರೇಷ್ಮೆ ಸೀರೆಯನ್ನು ಒಗೆಯಬಹುದೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಆ ವಾಸನೆ ಹುಳುವಿನ ಕೊಬ್ಬು ಮತ್ತು ಪ್ರೋಟೀನಿನದು. ಶೀಟಿನ ಸುಗಂಧ ಅದನ್ನು ಅರ್ಧ ದಿನ ಮುಚ್ಚಿಡಬಹುದು, ಆದರೆ ತೆಗೆಯುವುದಿಲ್ಲ. ಹತ್ತಿಯ ಬಟ್ಟೆಗಳನ್ನು ಅದೇ ದಿನ ಸಂಜೆಯೇ, ಕಿಣ್ವವಿರುವ ಪುಡಿ ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ ಒಗೆಯಿರಿ. ಕುದಿಯುವ ನೀರು ಸುರಿದರೆ ಪ್ರೋಟೀನು ನೂಲಿಗೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಸೀರೆಯ ವಿಷಯದಲ್ಲಿ ಇದರ ವಿರುದ್ಧ ದಾರಿ ಹಿಡಿಯಬೇಕು. ರೇಷ್ಮೆಯೂ ಪ್ರೋಟೀನೇ ಆದ್ದರಿಂದ ಪ್ರೋಟೀನನ್ನು ತಿನ್ನುವ ಕಿಣ್ವ ಸೀರೆಯ ಎಳೆಯನ್ನೂ ಬಿಡುವುದಿಲ್ಲ. ಸೋಪು, ಸೋಡಾ ಹಾಕಿ ಕುದಿಸಿ ನೂಲಿನ ಅಂಟು ತೆಗೆಯುವುದನ್ನು ಬಲ್ಲ ಶಿಡ್ಲಘಟ್ಟದವರಿಗೆ ಕ್ಷಾರ ರೇಷ್ಮೆಗೆ ಏನು ಮಾಡುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಕಿಣ್ವವಿಲ್ಲ, ರೇಷ್ಮೆಗೆ ಬಳಸಬಹುದು ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಜರಿಯಿಲ್ಲದ ಸೀರೆಗೆ ಕಾಲು ಶೀಟನ್ನು ಚೆನ್ನಾಗಿ ಕರಗಿಸಿ ಬಳಸಿ. ಇಲ್ಲವಾದರೆ ಅಂಟುವಾಳದ ನೀರೇ ಮೇಲು. ಜರಿ ಸೀರೆಯನ್ನು ಡ್ರೈಕ್ಲೀನಿಂಗಿಗೆ ಕೊಡಿ.

ಪ್ರಶ್ನೆ: ತುಮಕೂರಿನಲ್ಲಿ ನಮಗೆ ಹೇಮಾವತಿ ನೀರು ಬರುತ್ತದೆ, ಶೀಟು ಚೆನ್ನಾಗಿಯೇ ಒಗೆಯುತ್ತದೆ. ಆದರೆ ಫ್ರಂಟ್ ಲೋಡ್ ಮಷಿನ್ನಿನಿಂದ ತೆಗೆದ ಕಪ್ಪು ಪ್ಯಾಂಟುಗಳ ಮೇಲೆ ಬಿಳಿಯ ಲೋಳೆಯ ಎಳೆಗಳು ಅಂಟಿರುತ್ತವೆ. ಏಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ಶೀಟು ಪೂರ್ತಿ ಕರಗಿಲ್ಲ. ಪುಡಿ ಹಾಕುವ ಡ್ರಾಯರಿನಲ್ಲಿ ಇಡಬೇಡಿ. ಚೂರು ಮಾಡಿ ಡ್ರಮ್ಮಿನ ತಳಕ್ಕೆ ಹಾಕಿ, ಅದರ ಮೇಲೆ ಬಟ್ಟೆ ತುಂಬಿ, ಡ್ರಮ್ಮಿನಲ್ಲಿ ಅಂಗೈ ಹೊರಳುವಷ್ಟು ಜಾಗ ಬಿಡಿ. ಹದಿನೈದು ನಿಮಿಷದ ಕ್ವಿಕ್ ವಾಷ್ ಮತ್ತು ಡಿಸೆಂಬರಿನ ತಣ್ಣೀರು ಎರಡೂ ಸೇರಿದರೆ ಎಳೆ ಉಳಿಯುವುದು ಸಹಜ. 30 ಡಿಗ್ರಿಯ ಸಾಮಾನ್ಯ ಒಗೆತಕ್ಕೆ ಇಡಿ. ಪೊಟ್ಟಣಕ್ಕೆ ಒದ್ದೆ ಕೈ ಹಾಕಿದರೆ ಶೀಟುಗಳು ಒಂದಕ್ಕೊಂದು ಅಂಟಿ ಎರಡೆರಡಾಗಿ ಬರುತ್ತವೆ, ಇದೂ ಒಂದು ಕಾರಣವಿರಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ಎತ್ತರದಲ್ಲಿಡಿ, ಬಾಯಲ್ಲಿಟ್ಟ ಕ್ಷಣಕ್ಕೇ ಕರಗುವ ವಸ್ತುವದು.

ಪ್ರಶ್ನೆ: ಶೀಟಿನ ಜಾಹೀರಾತು ‘ಪ್ಲಾಸ್ಟಿಕ್ ಮುಕ್ತ’ ಎನ್ನುತ್ತದೆ. ಇದು ನಿಜವೇ? ಒಗೆದ ನೀರನ್ನು ತೆಂಗಿನ ಗಿಡಗಳಿಗೆ ಬಿಡಬಹುದೇ?
– ಶಿಕ್ಷಕರೊಬ್ಬರು, ನರಸಾಪುರ

ಉತ್ತರ: ಬಾಟಲಿ ಇಲ್ಲವೆಂಬುದು ನಿಜ, ಲಿಕ್ವಿಡ್ಡಿನಲ್ಲಿ ಬಹುಪಾಲು ನೀರೇ ಇರುವುದರಿಂದ ಸಾಗಣೆಯ ಹೊರೆ ಇಳಿಯುವುದೂ ನಿಜ. ಆದರೆ ಹಾಳೆಯನ್ನು ಹಿಡಿದಿಡುವ ಪಾಲಿವಿನೈಲ್ ಆಲ್ಕೊಹಾಲ್ ಕಾರ್ಖಾನೆಯಲ್ಲಿ ತಯಾರಾಗುವ ಪಾಲಿಮರ್. ಕರಗಿ ಕಣ್ಣಿಗೆ ಕಾಣದಾಗುವುದು ಬೇರೆ, ಸೂಕ್ಷ್ಮಜೀವಿಗಳು ಅದನ್ನು ಪೂರ್ತಿ ಅರಗಿಸುವುದು ಬೇರೆ. ಎರಡನೆಯದಕ್ಕೆ ಅದಕ್ಕೆ ಒಗ್ಗಿದ ಸೂಕ್ಷ್ಮಜೀವಿಗಳಿರುವ, ಚೆನ್ನಾಗಿ ನಡೆಯುವ ಕೊಳಚೆ ಶುದ್ಧೀಕರಣ ಘಟಕ ಬೇಕು. ತೆರೆದ ಚರಂಡಿಯಿಂದ ಕೆರೆಗೆ ಹೋಗುವ ನೀರಿಗೆ ಆ ಭಾಗ್ಯವಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವಾಗ, ರಾಜಧಾನಿಯವರು ಏನು ಹಾಕಿ ಬಟ್ಟೆ ಒಗೆಯುತ್ತಾರೆ ಎಂಬುದೂ ನಿಮ್ಮ ಊರಿನವರು ಕೇಳಬಹುದಾದ ಪ್ರಶ್ನೆಯೇ. ಜಾಹೀರಾತಿನ ಮಾತನ್ನು ‘ಬಾಟಲಿ ಮುಕ್ತ’ ಎಂದಷ್ಟೇ ಓದಿಕೊಳ್ಳಿ.

ತೆಂಗಿಗೆ ಮೊದಲ ಸೋಪಿನ ನೀರನ್ನು ಬಿಡಬೇಡಿ. ಪುಡಿಯಲ್ಲಿರುವ ಸೋಡಿಯಂ ಲವಣಗಳು ಮಣ್ಣಿನಲ್ಲಿ ಸೇರಿಕೊಂಡು ಅದು ಗಟ್ಟಿಯಾಗಿ, ನೀರು ಇಂಗದಂತಾಗುತ್ತದೆ. ಬೋರ್‌ವೆಲ್ ನೀರು ಮೊದಲೇ ಉಪ್ಪಾಗಿದ್ದರೆ ಇದು ಬೇಗ ಆಗುತ್ತದೆ. ಶೀಟಿನಲ್ಲಿ ಈ ಲವಣಗಳು ಕಡಿಮೆ, ಆ ಮಟ್ಟಿಗೆ ಅದು ಗಿಡಕ್ಕೆ ಸೌಮ್ಯ, ಸೋಡಾ ಬೆರೆಸದಿದ್ದರೆ ಮಾತ್ರ. ಎರಡನೆಯ ಮತ್ತು ಮೂರನೆಯ ಜಾಲಿಸಿದ ನೀರನ್ನು ಬುಡದಿಂದ ಒಂದೆರಡು ಅಡಿ ದೂರದ ಪಾತಿಗೆ, ಒಂದೇ ಗಿಡಕ್ಕೆ ದಿನವೂ ಹರಿಸದೆ ಸರದಿಯಂತೆ ಬಿಡಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಯ ಮಡಿಗಳಿಗೆ ಈ ನೀರು ಯಾವುದೂ ಬೇಡ.