ಪರ್ಸಿ ಜಾಕ್ಸನ್: ಮಗಳಿಗೆ ಸಿನಿಮಾನಾ, ಸೀರೀಸಾ?

ಮೇಡಂ, ಗ್ರೀಕ್ ದೇವರ ಮಗನಾದ ಪರ್ಸಿ ಜಾಕ್ಸನ್ ಅನ್ನೋ ಹುಡುಗನ ಕಥೆಯ ಐದೂ ಪುಸ್ತಕ ಓದಿ ಮುಗಿಸಿದ ಮಗಳಿಗೆ ಸಿನಿಮಾ ತೋರಿಸಲಾ, ಸೀರೀಸ್ ತೋರಿಸಲಾ, ಅಭಿಮಾನಿಗಳು ಎರಡನ್ನೂ ಯಾಕೆ ಬೈತಾರೆ ಅಂತ ಕೇಳಿದ್ದೀರಿ. ಸೀರೀಸ್ ಹಾಕಿ.

2010ರ ಸಿನಿಮಾದಲ್ಲಿ 12 ವರ್ಷದ ಪರ್ಸಿಯನ್ನು ಹೈಸ್ಕೂಲ್ ಹುಡುಗ ಮಾಡಿಬಿಟ್ಟರು. ಯುದ್ಧದೇವರು ಏರಿಸ್‌ಗೆ ಕಥೆಯಲ್ಲಿ ಕೆಲಸವೇ ಇಲ್ಲ. ಪುಸ್ತಕದಲ್ಲಿ ಕಡಲ ದಂಡೆಯಲ್ಲಿ ಪರ್ಸಿಗೂ ಏರಿಸ್‌ಗೂ ನಡೆಯೋ ಹೊಡೆದಾಟ ನೋಡೋಕೆ ಕಾದು ಕೂತವರಿಗೆ ಸಿಟ್ಟು ಬರದೆ ಇರುತ್ತಾ?

2023ರ ಡಿಸೆಂಬರ್‌ನಲ್ಲಿ ಶುರುವಾದ ಸೀರೀಸ್‌ನಲ್ಲಿ ಲೇಖಕ ರಿಕ್ ರಿಯೋರ್ಡನ್ ಅವರೇ ಜೊತೆಗಿದ್ದಾರೆ. ಮಕ್ಕಳೂ ಮಕ್ಕಳ ಹಾಗೇ ಇದ್ದಾರೆ. ಆದರೂ ಒಂದು ಗೊಣಗಾಟ ನನಗೆ ಸರಿ ಅನಿಸಿತು. ಪುಸ್ತಕದಲ್ಲಿ ಪರ್ಸಿ ಮತ್ತು ಗೆಳೆಯರು, ನೋಡಿದವರನ್ನು ಕಲ್ಲು ಮಾಡೋ ರಾಕ್ಷಸಿ ಮೆಡೂಸಾಳ ಅಂಗಡಿಗೆ ಅವಳು ಯಾರಂತ ಗೊತ್ತಿಲ್ಲದೇ ಹೋಗ್ತಾರೆ, ಪರ್ಸಿ ಬರ್ಗರ್ ಗಬಗಬ ತಿಂತಾನೆ. ಅವಳು ಫೋಟೋ ತೆಗೀತೀನಿ ಅಂದಾಗಲೇ ಪರ್ಸಿಯ ಗೆಳತಿ ಅನಬೆತ್‌ಗೆ ಅನುಮಾನ. ನಮಗೆ ಜೀವ ಬಾಯಿಗೆ ಬಂದಿರುತ್ತೆ. ಸೀರೀಸ್‌ನಲ್ಲಿ ಬಾಗಿಲಲ್ಲೇ ಗೊತ್ತಾಗಿಬಿಡುತ್ತೆ, ಮಜಾ ಅರ್ಧ ಹೋಯಿತು.

ಅನಬೆತ್ ಕೂದಲು ಪುಸ್ತಕದಲ್ಲಿದ್ದ ಹಾಗೆ ಹೊಂಬಣ್ಣ ಇಲ್ಲ ಅನ್ನೋ ಗಲಾಟೆ ಮಾತ್ರ ಸುಮ್ನೆ. ನಮ್ಮ ಕೊಪ್ಪಳದ ಮೋರನಾಳದವರ ತೊಗಲುಗೊಂಬೆ ಆಟ ನೋಡಿದ್ದೀರಲ್ವಾ? ತೊಗಲುಗೊಂಬೆ ರಾಮಾಯಣದ ನಡುವೆ ಕಿಳ್ಳೇಕ್ಯಾತ ನುಗ್ಗಿ ನಗಿಸ್ತಾನೆ. ವಾಲ್ಮೀಕಿಯಲ್ಲಿ ಅವನೆಲ್ಲಿದ್ದ? ಯಾರೂ ಎದ್ದು ಹೋಗಲ್ಲ.

ಮೊದಲ ಸೀಸನ್ 8 ಕಂತು. ರಿಮೋಟ್ ನಿಮ್ಮ ಕೈಯಲ್ಲೇ ಇರಲಿ. ಗಂಗಾವತಿಯ ನಮ್ಮ ಮನೆಯಲ್ಲಿ ಮಗ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ "ಇದು ಪುಸ್ತಕದಲ್ಲಿ ಇಲ್ಲ" ಅಂತ ಪಾಠ ಮಾಡಿ, ಒಂದೊಂದು ಕಂತಿಗೂ ಎರಡೆರಡು ತಾಸು ಹಿಡಿಸಿದ.