‘ಜೋ ಬಿಛಡ್ ಗಯೇ’ ಧಾರಾವಾಹಿ ನೋಡಬಹುದಾ? 1971ರ ಬಗ್ಗೆ ಅದು ಹೇಳುವುದು ನಿಜವಾ?

ನೀವು ಎರಡು ವಿಷಯ ಕೇಳಿದ್ದೀರಿ. ಪಾಕಿಸ್ತಾನದ ಉರ್ದು ಧಾರಾವಾಹಿ ‘ಜೋ ಬಿಛಡ್ ಗಯೇ’ ನೋಡಬಹುದಾ, ಪೂರ್ವ ಪಾಕಿಸ್ತಾನ ಒಡೆದು ಬಾಂಗ್ಲಾದೇಶವಾದ 1971ರ ಬಗ್ಗೆ ಅದು ತೋರಿಸಿದ್ದನ್ನು ನಂಬಬಹುದಾ ಅಂತ. ಖಂಡಿತ ನೋಡಿ. ನಂಬುವ ವಿಷಯ ಮಾತ್ರ ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ. ನಾನು ಸಿಂಧನೂರಿನವನು. ಆ ಕಥೆಯ ಒಂದು ತುಂಡು ನಮ್ಮ ಊರಿನ ಪಕ್ಕದಲ್ಲೇ ಬಂದು ನೆಲೆಸಿದೆ, ಅದನ್ನೂ ಹೇಳುತ್ತೇನೆ.

ಪಾಕಿಸ್ತಾನದ ಟಿವಿ ಚಾನೆಲ್ ಜಿಯೋ ಎಂಟರ್‌ಟೇನ್‌ಮೆಂಟ್ ಇದನ್ನು ಶುರು ಮಾಡಿದ್ದು 2021ರ ಡಿಸೆಂಬರ್‌ನಲ್ಲಿ, ಢಾಕಾ ಪಾಕಿಸ್ತಾನದ ಕೈತಪ್ಪಿ ಸರಿಯಾಗಿ ಐವತ್ತು ವರ್ಷವಾದಾಗ. ನಿರ್ದೇಶನ ಹೈಸಮ್ ಹುಸೇನ್, ಬರೆದವರು ಅಲಿ ಮೊಯಿನ್. ಹೈಸಮ್ ಹುಸೇನ್ ಅಂದರೆ 2010ರಲ್ಲಿ ದೇಶ ವಿಭಜನೆಯ ಮೇಲೆ ‘ದಾಸ್ತಾನ್’ ಮಾಡಿದವರು. ಅದು ನಮ್ಮಲ್ಲಿ ಝಿಂದಗಿ ಚಾನೆಲ್‌ನಲ್ಲಿ ಬೇರೆ ಹೆಸರಿನಿಂದ ಬಂದಿತ್ತು, ನಿಮ್ಮ ಮನೆಯಲ್ಲೂ ಯಾರಾದರೂ ನೋಡಿರಬಹುದು. ಇಲ್ಲಿ ಮೂರು ಮುಖ್ಯ ಪಾತ್ರಗಳು. ಢಾಕಾದ ಯುವತಿ ಸೋನಿಯಾ, ವಿದ್ಯಾರ್ಥಿ ನಾಯಕ ರೂಮಿ, ಪಾಕಿಸ್ತಾನ ಸೇನೆಯ ಕ್ಯಾಪ್ಟನ್ ಫರುಖ್. ಮಾಯಾ ಅಲಿ, ವಹಾಜ್ ಅಲಿ, ತಲ್ಹಾ ಚಹೂರ್ ಆ ಪಾತ್ರಗಳಲ್ಲಿದ್ದಾರೆ. ವಹಾಜ್ ಅಲಿ ಒಬ್ಬರಿಗೋಸ್ಕರವಾದರೂ ನೋಡಬೇಕು. ರೂಮಿ ಮಾಡುವುದೆಲ್ಲ ಸರಿ ಅಂತ ಅನಿಸುವುದಿಲ್ಲ, ಆದರೆ ಅವನ ಸಿಟ್ಟಿಗೆ ಕಾರಣ ಇದೆ ಅಂತ ಅನಿಸುತ್ತದೆ. ಪಾಕಿಸ್ತಾನದ ಟಿವಿಯಲ್ಲಿ ಅಷ್ಟು ಬಂದಿದ್ದೇ ದೊಡ್ಡದು.

ಒಂದು ವಿಷಯ ನೆನಪಿರಲಿ. ಈ ಕಥೆಗೆ ಆಧಾರ ನಿವೃತ್ತ ಕರ್ನಲ್ ಜೆಡ್. ಐ. ಫರುಖ್ ಅವರು ಬರೆದ ಪುಸ್ತಕ. ಹಾಗಾಗಿ ನೋಡುವ ಕಣ್ಣು ಸೈನಿಕನದು. ಅದು ತಪ್ಪಲ್ಲ, ಅವರು ಕಂಡಿದ್ದನ್ನು ಅವರು ಹೇಳಿದ್ದಾರೆ. ಆದರೆ ಅದೇ ಊರಿನಲ್ಲಿ, ಅದೇ ರಾತ್ರಿ, ಬೇರೆಯವರು ಕಂಡಿದ್ದು ಬೇರೆ.

ನನಗೆ ಜಾಸ್ತಿ ಕಾಡಿದ್ದು ಭಾಷೆ. ಧಾರಾವಾಹಿಯಲ್ಲಿ ಬಂಗಾಳಿಗಳೂ ಬಹುಪಾಲು ಉರ್ದುವಿನಲ್ಲೇ ಮಾತಾಡುತ್ತಾರೆ. ಪಾಕಿಸ್ತಾನದ ಪ್ರೇಕ್ಷಕರಿಗಾಗಿ ಮಾಡಿದ್ದು, ಬೇರೆ ದಾರಿ ಇರಲಿಲ್ಲವೇನೋ. ಆದರೆ ಆ ದೇಶ ಬಿರುಕು ಬಿಡಲು ಶುರುವಾಗಿದ್ದೇ ಅಲ್ಲಿಂದ ಅಲ್ವಾ? 1948ರ ಮಾರ್ಚ್‌ನಲ್ಲಿ ಜಿನ್ನಾ ಢಾಕಾಕ್ಕೆ ಬಂದು, ರಾಜ್ಯಭಾಷೆ ಉರ್ದು ಒಂದೇ ಅಂದರು. ಆಗ ಇಡೀ ಪಾಕಿಸ್ತಾನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮನೆಮಾತು ಬಂಗಾಳಿ. ಉರ್ದು ಮನೆಮಾತಿನವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 1952ರ ಫೆಬ್ರವರಿ 21ರಂದು ಭಾಷೆಗಾಗಿ ಬೀದಿಗಿಳಿದ ಹುಡುಗರ ಮೇಲೆ ಢಾಕಾದಲ್ಲಿ ಪೊಲೀಸರು ಗುಂಡು ಹಾರಿಸಿದರು. ಬಂಗಾಳಿಗೂ ಸಮಾನ ಸ್ಥಾನ ಕೊಡುವ ಸಂವಿಧಾನ ಬಂದಿದ್ದು 1956ರಲ್ಲಿ. ಅಷ್ಟರಲ್ಲಿ ಮನಸ್ಸು ಮುರಿದಿತ್ತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಆಡುವ ಮಾತಿಗೆ ಕಚೇರಿಯ ಬಾಗಿಲಲ್ಲಿ ಬೆಲೆ ಇಲ್ಲ ಅಂದರೆ ಹೇಗಾಗುತ್ತದೆ ಅಂತ ನಮಗೆ ಗೊತ್ತು.

ಆಮೇಲಿನದು ಒಂದರ ಹಿಂದೆ ಒಂದು ಬಂತು. 1970ರ ನವೆಂಬರ್‌ನಲ್ಲಿ ಪೂರ್ವ ಪಾಕಿಸ್ತಾನಕ್ಕೆ ಭೋಲಾ ಚಂಡಮಾರುತ ಬಡಿಯಿತು. ಕನಿಷ್ಠ ಮೂರು ಲಕ್ಷ ಜನ ಸತ್ತರು, ನೆರವು ತಡವಾಯಿತು. ಮುಂದಿನ ತಿಂಗಳೇ ಚುನಾವಣೆ. ಬಂಗಾಳಿಗಳ ನಾಯಕ ಶೇಖ್ ಮುಜೀಬರ ಪಕ್ಷ ಅವಾಮಿ ಲೀಗ್ ಪೂರ್ವದ 169 ಸೀಟುಗಳಲ್ಲಿ 167 ಗೆದ್ದಿತು. ಒಟ್ಟು 313ರ ಸಂಸತ್ತಿನಲ್ಲಿ ಅದು ಸ್ಪಷ್ಟ ಬಹುಮತ. ಆದರೂ ಅಧಿಕಾರ ಸಿಗಲಿಲ್ಲ. ಮಾರ್ಚ್ 3ಕ್ಕೆ ಕರೆದಿದ್ದ ಅಧಿವೇಶನವನ್ನು ದೇಶ ಆಳುತ್ತಿದ್ದ ಜನರಲ್ ಯಾಹ್ಯಾ ಖಾನ್ ಮಾರ್ಚ್ 1ರಂದೇ ಮುಂದೂಡಿದರು. ಅತ್ತ ಮಾತುಕತೆ ನಡೆಯುತ್ತಿದ್ದಾಗಲೇ ಇತ್ತ ಪಶ್ಚಿಮ ಪಾಕಿಸ್ತಾನದಿಂದ ವಿಮಾನಗಳಲ್ಲಿ ಸೈನಿಕರು ಬರುತ್ತಿದ್ದರು. ಭಾರತ ತನ್ನ ಆಕಾಶ ಮುಚ್ಚಿದ್ದರಿಂದ ಆ ವಿಮಾನಗಳು ಕೊಲಂಬೋ ಸುತ್ತಿಕೊಂಡು ಬರಬೇಕಿತ್ತು. ಒಂದೇ ದೇಶದ ಎರಡು ತುಂಡುಗಳ ನಡುವೆ ಅಷ್ಟು ದೂರ! ಮಾರ್ಚ್ 25ರ ರಾತ್ರಿ ಸೇನೆ ಢಾಕಾ ವಿಶ್ವವಿದ್ಯಾಲಯಕ್ಕೆ ನುಗ್ಗಿತು. ಜಗನ್ನಾಥ್ ಹಾಲ್ ಅನ್ನೋ ಹಾಸ್ಟೆಲ್‌ನಲ್ಲಿದ್ದ ಹಿಂದೂ ವಿದ್ಯಾರ್ಥಿಗಳನ್ನು ಕೊಂದರು. ಮುಂದಿನ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ಜನ ಭಾರತಕ್ಕೆ ನಡೆದು ಬಂದರು.

ಎಷ್ಟು ಜನ ಸತ್ತರು ಅನ್ನೋದರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಬಾಂಗ್ಲಾದೇಶ ಹೇಳುವುದು 30 ಲಕ್ಷ. ಸೋಲಿನ ತನಿಖೆಗೆ ಪಾಕಿಸ್ತಾನವೇ ನೇಮಿಸಿದ ಹಮೂದುರ್ ರೆಹಮಾನ್ ಆಯೋಗ ಒಪ್ಪಿದ್ದು ಸುಮಾರು 26,000. ಡಿಸೆಂಬರ್ 16 ಪಾಕಿಸ್ತಾನಕ್ಕೆ ‘ಸುಕೂತೆ ಢಾಕಾ’, ಅಂದರೆ ಢಾಕಾ ಬಿದ್ದ ದಿನ. ಬಾಂಗ್ಲಾದೇಶಕ್ಕೆ ‘ಬಿಜೊಯ್ ದಿಬೊಶ್’. ನಮಗೆ ‘ವಿಜಯ್ ದಿವಸ್’, ಭಾರತದ ಜೊತೆಗಿನ ಯುದ್ಧದಲ್ಲಿ ಪಾಕಿಸ್ತಾನ ಸೇನೆ ಶರಣಾಗಿ ಆ ಕಡೆಯ ಸುಮಾರು 93,000 ಜನ ಸೆರೆಯಾದ ದಿನ. ಈ ಧಾರಾವಾಹಿ ಮೊದಲನೆಯ ಹೆಸರಿನ ಕಡೆ ನಿಂತು ನೋಡುತ್ತದೆ. ನಾವು ಶಾಲೆಯಲ್ಲಿ ಮೂರನೆಯದನ್ನು ಮಾತ್ರ ಓದಿದವರು, ಹಾಗಾಗಿ ಆ ಕಡೆಯವರ ಸಂಕಟವನ್ನೂ ನೋಡುವುದು ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ.

ಈಗ ನಮ್ಮೂರಿನ ಮಾತು. ಸಿಂಧನೂರು ತಾಲೂಕಿನಲ್ಲಿ ಆರ್.ಎಚ್. ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್ ಅಂತ ಕೆಲವು ಊರುಗಳಿವೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಹಿಂದೂಗಳಿಗೆ ಸರ್ಕಾರ ಅಲ್ಲಿ ಜಮೀನು ಕೊಟ್ಟಿತ್ತು. ನನ್ನ ಗೆಳೆಯನೊಬ್ಬ ಆ ಕ್ಯಾಂಪಿನವನು. ಅವನ ಅಜ್ಜಿಯನ್ನು ಅವನು ಠಾಕುಮಾ ಅಂತ ಕರೆಯುತ್ತಿದ್ದ, ಹೈಸ್ಕೂಲಿನಿಂದ ನನಗೂ ಅವರು ಠಾಕುಮಾ. ಊರು ಖುಲ್ನಾ ಕಡೆ. 1964ರ ಗಲಭೆಯಲ್ಲಿ ಹೊರಟು, ರಾಯಪುರದ ಹತ್ತಿರದ ಮಾನಾ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು, ಆಮೇಲೆ ಇಲ್ಲಿಗೆ ಬಂದವರು. ಅಂದರೆ ಯುದ್ಧಕ್ಕಿಂತ ಏಳು ವರ್ಷ ಮೊದಲೇ ಅವರ ಪಾಲಿಗೆ ದೇಶ ಒಡೆದಿತ್ತು.

2022ರಲ್ಲಿ ಈ ಧಾರಾವಾಹಿಯ ಎರಡು ಕಂತುಗಳನ್ನು ಅವರ ಮನೆಯಲ್ಲಿ ಕೂತು ಫೋನಿನಲ್ಲಿ ನೋಡಿದೆವು. ಠಾಕುಮಾ ‘ಬೋಟಿ’ ಮೇಲೆ ಮೀನು ಹೆಚ್ಚುತ್ತಿದ್ದರು. ಬೋಟಿ ಅಂದರೆ ನಮ್ಮ ಈಳಿಗೆಮಣೆ ಇದ್ದ ಹಾಗೆ, ಕಾಲಲ್ಲಿ ಅದುಮಿ ಹಿಡಿದು ಹೆಚ್ಚುವುದು. ಕಣ್ಣು ಮೀನಿನ ಮೇಲೆ, ಕಿವಿ ಫೋನಿನ ಕಡೆ. ಉರ್ದು ತಿಳಿಯುತ್ತಾ ಅಂತ ಕೇಳಿದೆ. “ಖುಲ್ನಾದಾಗ ಒಂದು ಅಕ್ಷರ ತಿಳೀತಿದ್ದಿಲ್ಲ. ಇಲ್ಲಿ ಸಂತ್ಯಾಗ ಕಲ್ತೆ” ಅಂದರು. ಸಿಂಧನೂರಿನ ಸಂತೆಯಲ್ಲಿ ತರಕಾರಿ ಮಾರುವವರ ‘ಹೌ’, ‘ನಕ್ಕೋ’ ಕೇಳಿ ಕೇಳಿ ಕಲಿತ ಉರ್ದು ಅದು. ಸ್ವಲ್ಪ ಹೊತ್ತು ಬಿಟ್ಟು, “ಇದರಾಗ ನದಿ ಯಾವಾಗ ಬರ್ತದ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀವು ನೋಡುವಾಗ ಇನ್ನೂ ಒಂದು ಗುಂಪಿನ ಬಗ್ಗೆ ಓದಿಕೊಳ್ಳಿ. ಬಿಹಾರಿಗಳು. ವಿಭಜನೆಯ ಹೊತ್ತಿಗೆ ಬಿಹಾರದಿಂದ, ಆಸುಪಾಸಿನಿಂದ ಪೂರ್ವ ಪಾಕಿಸ್ತಾನಕ್ಕೆ ಹೋದ ಉರ್ದು ಮಾತಿನ ಮುಸ್ಲಿಮರು. ಅವರಲ್ಲಿ ಹಲವರು ಸೇನೆಯ ಜೊತೆ ನಿಂತರು, ಆ ಸಿಟ್ಟಿಗೆ ಏನೂ ಮಾಡದವರೂ ಬಲಿಯಾದರು. ಯುದ್ಧ ಮುಗಿದ ಮೇಲೆ ಬಾಂಗ್ಲಾದೇಶಕ್ಕೆ ಅವರು ಬೇಡವಾದರು, ಪಾಕಿಸ್ತಾನ ಕೆಲವರನ್ನು ಕರೆದುಕೊಂಡು ಉಳಿದವರನ್ನು ಬಿಟ್ಟಿತು. ಢಾಕಾದ ಮೊಹಮ್ಮದ್‌ಪುರದಲ್ಲಿ ಜಿನೀವಾ ಕ್ಯಾಂಪ್ ಅಂತ ಇದೆ, ಇವತ್ತಿಗೂ ಸಾವಿರಾರು ಜನ ಇಕ್ಕಟ್ಟಾದ ಕೋಣೆಗಳಲ್ಲಿದ್ದಾರೆ. 2008ರಲ್ಲಿ ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟ ಮೇಲೆ ಅವರಿಗೆ ಪೌರತ್ವ, ಮತದ ಹಕ್ಕು ಸಿಕ್ಕಿತು.

ಇದನ್ನು ಆ ದಿನ ಠಾಕುಮಾಗೂ ಹೇಳಿದ್ದೆ. ತಮ್ಮನ್ನು ಓಡಿಸಿದವರ ಕಡೆಯ ಜನ ಅಂತ ಅವರು ಮುಖ ತಿರುಗಿಸಬಹುದು ಅಂದುಕೊಂಡಿದ್ದೆ. ಅವರು ಕೈ ನಿಲ್ಲಿಸಿದರು. “ಅವ್ರೂ ಕ್ಯಾಂಪಿನಾಗ ಅದಾರೇನು?” ಅಂದರು. ಹೌದು ಅಂದೆ.

“ಹೊಲ ಕೊಟ್ಟಾರೇನು?”

ಇಲ್ಲ ಅಂದೆ. ಅವರು ಏನೂ ಹೇಳಲಿಲ್ಲ. ಮೀನಿನ ತುಂಡುಗಳಿಗೆ ಉಪ್ಪು, ಅರಿಶಿನ ಸವರತೊಡಗಿದರು.