ಬಿಟಿ ಬದನೆ ತಡೆದದ್ದರಿಂದ ನಮಗೆ ಒಳ್ಳೆಯದಾಯಿತಾ, ನಷ್ಟವಾಯಿತಾ?

ಎರಡೂ. ನಾನು ಉಡುಪಿಯವನು, ಹಾಗಾಗಿ ನಮ್ಮೂರಿನ ಬದನೆ ತಳಿ ಮಟ್ಟುಗುಳ್ಳದಿಂದಲೇ ಶುರು ಮಾಡ್ತೇನೆ. ತಿಳಿ ಹಸಿರು, ಗುಂಡಗೆ, ತೆಳು ಸಿಪ್ಪೆ. ಹೊರಗೆ ಸೂಜಿ ಮೊನೆಯಷ್ಟು ತೂತು ಕಂಡರೆ ಮುಗೀತು, ಒಳಗೆ ಹುಳ ಕೂತಿರುತ್ತದೆ. ಆ ಹುಳಕ್ಕೆ ಹೆದರಿಯೇ ಬದನೆಗೆ ಮತ್ತೆ ಮತ್ತೆ ಔಷಧ ಹೊಡೆಯುವುದು.

ಬಿಟಿ ಬದನೆ ಈ ಕಾಯಿ ಕೊರೆಯುವ ಹುಳವನ್ನು ತಡೆಯಲೆಂದೇ, ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿ ಮಾಡಿದ ಕುಲಾಂತರಿ ತಳಿ. 2009ರಲ್ಲಿ ತಜ್ಞರ ಸಮಿತಿ ಒಪ್ಪಿತು. 2010ರ ಫೆಬ್ರವರಿಯಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಒಪ್ಪಿ, ಮರುವರ್ಷವೇ ರೈತರಿಗೆ ಸಸಿ ಕೊಟ್ಟಿತು. ಅಲ್ಲಿ ಔಷಧದ ಖರ್ಚು ಇಳಿಯಿತು.

ಹಾಗಂತ ಎಚ್ಚರಿಕೆ ಸುಮ್ನೆ ಅಲ್ಲ. ನಮ್ಮ ಪಕ್ಕದಲ್ಲೇ, ದಕ್ಷಿಣ ಕನ್ನಡದ ಕೊಕ್ಕಡದ ಕಡೆ, ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸುರಿದರು. ಅದರ ನಿಷೇಧ ಬಂದದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದರು. ಅಲ್ಲಿನ ತಾಯಂದಿರ ಹತ್ತಿರ ಹೋಗಿ 'ನಿಯಮ ಜಾಸ್ತಿಯಾಯಿತು' ಅನ್ನೋಕಾಗುತ್ತಾ?

ಗುಳ್ಳದ ವಿಷಯದಲ್ಲಿ ಇನ್ನೊಂದು ಭಯವೂ ಇತ್ತು: ಬಿಟಿ ಬದನೆಯ ಪರಾಗ ಬೆರೆತು ತಳಿ ಕೆಟ್ಟರೆ? (ಅದು ಹೋದರೆ ಉಡುಪಿಯ ಸಾಂಬಾರಿನ ಗತಿ ಏನು ಹೇಳಿ!)

ನನ್ನ ತಕರಾರು ತಡೆಯ ಬಗ್ಗೆ ಅಲ್ಲ, ತಡೆದು ಮರೆತದ್ದರ ಬಗ್ಗೆ. ಯಾವ ಪರೀಕ್ಷೆ ಬಾಕಿ, ಯಾರು ಮಾಡಬೇಕು, ಎಷ್ಟು ವರ್ಷದೊಳಗೆ ಅಂತ ಬರೆದಿಡಬೇಕಿತ್ತು. ಪರೀಕ್ಷೆ ಎಳೆದಷ್ಟೂ ಖರ್ಚು ಏರುತ್ತದೆ. ಆಗ ಉಳಿಯುವುದು ದೊಡ್ಡ ಕಂಪನಿಗಳು. ಕೃಷಿ ವಿಶ್ವವಿದ್ಯಾಲಯದ ತಳಿ ಲ್ಯಾಬಿನಲ್ಲೇ ಕೊಳೆಯುತ್ತದೆ, ರೈತ ಮಾತ್ರ ಹಳೇ ಔಷಧದ ಕ್ಯಾನ್ ಬೆನ್ನಿಗೇರಿಸಿ ಗದ್ದೆಗೆ ಹೋಗುತ್ತಾನೆ.